ಅಂಕಿಗೂ ಒಂದು ಊರಿದೆ

ಎ3 ಅಳತೆಯ ಒಂದು ದೊಡ್ಡ ಹಾಳೆ. ಅದರ ಮೇಲೆ 32ಕ್ಕೆ 40ರಂತೆ ಗೆರೆ ಎಳೆದು ಮಾಡಿದ 1,280 ಮನೆಗಳು. ಪ್ರತಿ ಮನೆಯಲ್ಲೂ ಒಂದು ಕನ್ನಡ ಅಂಕಿ ತುಂಬಬೇಕು. ಸೊನ್ನೆಯಿಂದ ಒಂಬತ್ತರವರೆಗೆ ಪ್ರತಿ ಅಂಕಿಯೂ 128 ಸಲ. ಬೆಂಗಳೂರಿನಲ್ಲಿ 65 ಮಂದಿ ಸ್ವಯಂಸೇವಕರು ಇಂಥ ಒಂದೊಂದು ಹಾಳೆಯನ್ನು ತಾಳ್ಮೆಯಿಂದ ತುಂಬಿಕೊಟ್ಟರು. ಎಲ್ಲರೂ ಕನ್ನಡ ಮಾತಾಡುವವರು, ಕನ್ನಡ ಅಂಕಿಗಳನ್ನು ದಿನವೂ ಬಳಸುವವರು. ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ, ಮನೆಮನೆಯಾಗಿ ಬಿಡಿಸಿ, ಒಂದೊಂದು ಅಂಕಿಯನ್ನೂ 28ಕ್ಕೆ 28 ಚುಕ್ಕಿಗಳ ಪುಟ್ಟ ಚಿತ್ರವಾಗಿ ಕುಗ್ಗಿಸಲಾಯಿತು. ವಿನಯ್ ಉದಯ್ ಪ್ರಭು ಅವರು ಹೀಗೆ ಸಿದ್ಧಪಡಿಸಿ 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟ ಆ ಕಂತೆಯ ಹೆಸರು ‘ಕನ್ನಡ-ಎಂನಿಸ್ಟ್’. ಕಂಪ್ಯೂಟರಿಗೆ ಕಲಿಸಲು 60,000 ಚಿತ್ರ, ಕಲಿತದ್ದನ್ನು ಪರೀಕ್ಷಿಸಲು 10,000 ಚಿತ್ರ. ಅದೇ ವರ್ಷ ಕ್ಯಾಗಲ್ ಎಂಬ ಡೇಟಾ ಸೈನ್ಸ್ ವೇದಿಕೆಯಲ್ಲಿ ಇದರ ಮೇಲೆ ಸ್ಪರ್ಧೆ ನಡೆದಾಗ ಸಾವಿರಕ್ಕೂ ಹೆಚ್ಚು ತಂಡಗಳು ಸೇರಿದವು. ಕನ್ನಡದ ಒಂದಕ್ಷರವೂ ಬಾರದ ಎಷ್ಟೋ ಮಂದಿ ವಾರಗಟ್ಟಲೆ ನಮ್ಮ ೩ಕ್ಕೂ ೭ಕ್ಕೂ ಇರುವ ವ್ಯತ್ಯಾಸವನ್ನು ತಮ್ಮ ಯಂತ್ರಗಳಿಗೆ ಹೇಳಿಕೊಡುತ್ತ ಕುಳಿತರು.

ಇದಕ್ಕೆ ಮಾದರಿಯಾದ ಮೂಲ ಎಂನಿಸ್ಟ್ ಬಂದದ್ದು 1998ರಲ್ಲಿ. ಅದರಲ್ಲಿರುವುದು ಅಮೆರಿಕದ ಜನಗಣತಿ ಇಲಾಖೆಯ ನೌಕರರು ಮತ್ತು ಅಲ್ಲಿನ ಹೈಸ್ಕೂಲು ಮಕ್ಕಳ ಕೈಬರಹ. ಜಗತ್ತಿನ ಯಾವ ಮೂಲೆಯಲ್ಲಿ ಯಂತ್ರಕಲಿಕೆಯ ಪಾಠ ಶುರುವಾದರೂ ಎರಡು ದಶಕಗಳಿಂದ ಮೊದಲು ತೆರೆಯುವುದು ಅದೇ ಕಂತೆಯನ್ನು. ಅಂಥ ಕಡೆ ಬೆಂಗಳೂರಿನ 65 ಕೈಗಳು ನಮ್ಮ ಅಂಕಿಗಳಿಗೂ ಒಂದು ಜಾಗ ಮಾಡಿಕೊಟ್ಟವು. ಆ 65 ಮಂದಿಗೆ ಪ್ರೋಗ್ರಾಮಿಂಗ್ ಬರುತ್ತಿತ್ತೇ ಇಲ್ಲವೇ ಎಂಬ ಪ್ರಶ್ನೆಯೇ ಅಲ್ಲಿರಲಿಲ್ಲ. ಕನ್ನಡ ಅಂಕಿ ಬರೆದು ರೂಢಿಯಿರಬೇಕು, ಅಷ್ಟೇ.

ಈ ಕತೆಗೆ ಒಂದು ಬಾಲವಿದೆ. ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯಲ್ಲಿ, ಕನ್ನಡ ಲಿಪಿಯ ಬಳಕೆಯೇ ಇಲ್ಲದ ಎಂಟು ಮಂದಿಯಿಂದ ಅಷ್ಟೇ ಮನೆಗಳ ಹಾಳೆಗಳನ್ನು ತುಂಬಿಸಿ 10,240 ಚಿತ್ರಗಳ ಇನ್ನೊಂದು ಕಂತೆಯನ್ನೂ ಪ್ರಭು ಅವರು ಮಾಡಿದರು. ಬೆಂಗಳೂರಿನ ಬರಹ ನೋಡಿ ಪಳಗಿದ ಯಂತ್ರಕ್ಕೆ ಈ ಅಂಕಿಗಳನ್ನು ಕೊಟ್ಟಾಗ ಅದು ಚೆನ್ನಾಗಿಯೇ ಎಡವಿತು. ಅಂಕಿಯ ಆಕಾರ ಒಂದೇ. ನೋಡಿಕೊಂಡು ಬರೆದ ಕೈ ಬೇರೆ, ಬಳಸಿ ಬರೆದ ಕೈ ಬೇರೆ. ಯಂತ್ರ ಯಾರಿಂದ ಕಲಿತಿದೆ ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷಿ ನನಗೆ ಸಿಕ್ಕಿಲ್ಲ.

ಡೇಟಾ ಸೈನ್ಸ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು ವೈಟ್‌ಫೀಲ್ಡಿನ ಗಾಜಿನ ಕಟ್ಟಡ, ದೊಡ್ಡ ಸಂಬಳ, ಅರ್ಥವಾಗದ ಗಣಿತ. ಆ ಲೋಕ ಇದೆ, ಇಲ್ಲವೆನ್ನುವುದಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಲೋಕವೂ ಇದೆ. ಅಲ್ಲಿ ಡೇಟಾ ಯಾರ ಬೀಗದ ಕೆಳಗೂ ಇರುವುದಿಲ್ಲ. ಅದನ್ನು ಜೋಡಿಸಿದ ಕ್ರಮ, ಬಳಸಿದ ಕೋಡ್, ಆದ ತಪ್ಪು, ತಿದ್ದಿದವರ ಹೆಸರು ಎಲ್ಲವೂ ಬಯಲಿನಲ್ಲಿ. ಯಾರು ಬೇಕಾದರೂ ನೋಡಬಹುದು, ತೆಗೆದುಕೊಂಡು ಹೋಗಬಹುದು, ತಿದ್ದಿ ತಂದುಕೊಡಬಹುದು. ಇಂಥ ಬಳಗಗಳಲ್ಲಿ ಈಗ ಅತಿ ಹೆಚ್ಚು ಕೊರತೆ ಇರುವುದು ಊರು, ಭಾಷೆ, ಬೆಳೆ, ಹಕ್ಕಿ, ಆಸ್ಪತ್ರೆ, ಕಚೇರಿ ಬಲ್ಲವರಿಗೆ. ಅವರು ಒಳಗೆ ಬರಬೇಕು ಎಂದು ಹೇಳುವುದಕ್ಕಾಗಿಯೇ ಈ ಬರಹ.

ಬುಲೆಟಿನ್ ಬರುವ ಹೊತ್ತು

2020ರ ಸಂಜೆಗಳನ್ನು ನೆನಪಿಸಿಕೊಳ್ಳಿ. ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಕೋವಿಡ್ ಪ್ರಕರಣ. ಮಾರ್ಚಿನಲ್ಲಿ ನಮ್ಮ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಸಾವು. ಆಮೇಲೆ ದಿನವೂ ಸಂಜೆ ಆರೋಗ್ಯ ಇಲಾಖೆಯ ಬುಲೆಟಿನ್‌ಗಾಗಿ ಮನೆಮಂದಿಯೆಲ್ಲ ಕಾಯುತ್ತಿದ್ದೆವು. ಯಾವ ಜಿಲ್ಲೆ, ಎಷ್ಟು ಪ್ರಕರಣ, ಎಷ್ಟು ಬಿಡುಗಡೆ, ಎಷ್ಟು ಸಾವು.

ಆ ದಿನಗಳಲ್ಲಿ ದೇಶದ ಹೆಚ್ಚಿನ ಪತ್ರಿಕೆಗಳು, ಸಂಶೋಧಕರು, ಸಾಮಾನ್ಯ ಓದುಗರು ನೆಚ್ಚಿಕೊಂಡಿದ್ದ ಪಟ್ಟಿ ಯಾವ ಸರ್ಕಾರಿ ಕಚೇರಿಯಿಂದಲೂ ಬರುತ್ತಿರಲಿಲ್ಲ. ‘ಕೋವಿಡ್19ಇಂಡಿಯಾ’ ಎಂಬ ಸ್ವಯಂಸೇವಕರ ಗುಂಪು ಅದನ್ನು ಕಟ್ಟುತ್ತಿತ್ತು. 2020ರ ಮಾರ್ಚ್‌ನಲ್ಲಿ ಶುರುವಾದ ಕೆಲಸ 2021ರ ಅಕ್ಟೋಬರ್ 31ರವರೆಗೆ ನಡೆಯಿತು. ಒಂದು ರಾಜ್ಯ ಪಿಡಿಎಫ್ ಕೊಡುತ್ತಿತ್ತು, ಇನ್ನೊಂದು ಕೋಷ್ಟಕದ ಫೋಟೊ ಹಾಕುತ್ತಿತ್ತು, ಮತ್ತೊಂದು ಟ್ವಿಟರ್‌ನಲ್ಲಿ ಎರಡು ಸಾಲು ಬರೆದು ಮುಗಿಸುತ್ತಿತ್ತು. ಇವನ್ನೆಲ್ಲ ಒಂದೇ ಹಂಚಿಕೊಂಡ ಹಾಳೆಗೆ ತರಬೇಕು. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ಮೂಲದೊಂದಿಗೆ ತಾಳೆ ನೋಡಬೇಕು. ನಿನ್ನೆಯ ಒಟ್ಟು ಮೊತ್ತಕ್ಕೆ ಇಂದಿನ ಹೊಸ ಪ್ರಕರಣ ಕೂಡಿಸಿದರೆ ಇಂದಿನ ಒಟ್ಟು ಮೊತ್ತ ಬರಬೇಕಲ್ಲ? ಬಾರದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಬೇಕು. ಇದರಲ್ಲಿ ಗಣಿತವೆಂದರೆ ನಾಲ್ಕನೇ ತರಗತಿಯ ಕೂಡು-ಕಳೆಯಷ್ಟೇ. ಬೇಕಿದ್ದದ್ದು ನಿಷ್ಠೆ, ಮತ್ತು ರಾತ್ರಿಯ ನಿದ್ದೆ ಬಿಡುವ ಮನಸ್ಸು. ಹೀಗೆ ಕಟ್ಟಿದ ಡೇಟಾವನ್ನೂ ಅದರ ಕೋಡನ್ನೂ ಅವರು ಎಲ್ಲರಿಗೂ ತೆರೆದಿಟ್ಟರು.

ಆಗಲೇ ನಮ್ಮ ರಾಜ್ಯಕ್ಕೆ ಒಂದು ಪ್ರಶಂಸೆಯೂ ಬಂತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರಿದ್ದ ಒಂದು ತಂಡ 2020ರ ಮೇ ಕೊನೆಯ ಹೊತ್ತಿಗೆ 29 ರಾಜ್ಯಗಳ ಕೋವಿಡ್ ವರದಿಗಳ ಗುಣಮಟ್ಟ ಅಳೆಯಿತು. ಡೇಟಾ ಸಿಗುತ್ತದೆಯೇ, ಸುಲಭವಾಗಿ ತಲುಪುತ್ತದೆಯೇ, ವಿವರ ಎಷ್ಟಿದೆ, ಖಾಸಗಿತನ ಉಳಿದಿದೆಯೇ ಎಂದು ಅಂಕ ಕೊಟ್ಟರು. ಮೊದಲ ಸ್ಥಾನ ಕರ್ನಾಟಕಕ್ಕೆ, 0.61. ಬಿಹಾರ ಮತ್ತು ಉತ್ತರ ಪ್ರದೇಶಕ್ಕೆ ಸೊನ್ನೆ. ರಾಜ್ಯಗಳನ್ನು ಅಂಕದ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನದು 0.26. ಹೆಮ್ಮೆ ಪಡಬೇಕಾದದ್ದೇ. ಆದರೆ ಮೊದಲ ಸ್ಥಾನದವರಿಗೂ ನೂರಕ್ಕೆ 61 ಸಿಕ್ಕಿತೆಂದರೆ ಉಳಿದ 39 ಎಲ್ಲಿ ಹೋಯಿತು ಎಂದು ಕೇಳುವುದು ಡೇಟಾ ಬಲ್ಲವರ ಸ್ವಭಾವ. ನಮ್ಮ ಬುಲೆಟಿನ್ ಬರುತ್ತಿದ್ದದ್ದು ಪಿಡಿಎಫ್‌ನಲ್ಲಿ. ಕಣ್ಣಿಗೆ ಕಾಣುತ್ತದೆ, ಕಂಪ್ಯೂಟರಿನ ಲೆಕ್ಕಕ್ಕೆ ನೇರವಾಗಿ ದಕ್ಕುವುದಿಲ್ಲ. ಆ ಪುಟಗಳಿಂದ ಅಂಕಿಗಳನ್ನು ಬಿಡಿಸಿ ಸಾಲಾಗಿ ಕೂರಿಸುವವರು ಬೇಕೇ ಬೇಕು.

ಅದೇ ಅಧ್ಯಯನ ಪಂಜಾಬ್ ಮತ್ತು ಚಂಡೀಗಡದ ಸರ್ಕಾರಿ ತಾಣಗಳಲ್ಲಿ ಕ್ವಾರಂಟೈನ್‌ನಲ್ಲಿದ್ದವರ ಗುರುತು ಬಯಲಾಗಿದ್ದನ್ನೂ ಎತ್ತಿ ತೋರಿಸಿತು. ಮುಕ್ತತೆ ಎಂದರೆ ನೆರೆಮನೆಯವರ ಕಾಯಿಲೆಯನ್ನು ಬೀದಿಗೆ ತರುವುದಲ್ಲ. ಈ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಹೆಸರು, ವಿಳಾಸ, ಫೋನ್ ನಂಬರು ಇರುವ ಪಟ್ಟಿ ಎಲ್ಲೋ ಸಿಕ್ಕಿತೆಂದು ಹಂಚುವ ಹಕ್ಕು ಯಾರಿಗೂ ಇಲ್ಲ.

ಗುಲ್ಬರ್ಗ ಎಲ್ಲಿ ಹೋಯಿತು?

ಒಂದು ಸಂಜೆ 2011ರ ಜನಗಣತಿಯ ಜಿಲ್ಲಾ ಕೋಷ್ಟಕವನ್ನೂ ಈಚಿನ ಇನ್ನೊಂದು ಜಿಲ್ಲಾ ಕೋಷ್ಟಕವನ್ನೂ ಜೋಡಿಸಲು ಕುಳಿತಿದ್ದೆ. ಎರಡೂ ಇಂಗ್ಲಿಷಿನಲ್ಲಿದ್ದವು. ಜಿಲ್ಲೆಯ ಹೆಸರು ಹಿಡಿದು ಎರಡನ್ನೂ ಹೊಂದಿಸು ಎಂದು ಕಂಪ್ಯೂಟರಿಗೆ ಹೇಳಿದರೆ ಅದು ಕ್ಷಣದಲ್ಲಿ ಮುಗಿಸಿಕೊಟ್ಟಿತು. ಎಣಿಸಿ ನೋಡಿದರೆ ಜಿಲ್ಲೆಗಳು ಕಡಿಮೆ. ಮೈಸೂರಿಲ್ಲ, ಬಳ್ಳಾರಿಯಿಲ್ಲ, ಶಿವಮೊಗ್ಗವಿಲ್ಲ. ಯಾವ ದೂರೂ ಇಲ್ಲದೆ, ಒಂದು ಎಚ್ಚರಿಕೆಯ ಸಾಲೂ ಇಲ್ಲದೆ ಅವೆಲ್ಲ ಹೊರಬಿದ್ದಿದ್ದವು.

ಕಾರಣ ಯಾವ ಕನ್ನಡಿಗನಿಗೂ ಹೊಳೆಯುವಂಥದ್ದು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಬೆಲ್ಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. 2011ರ 30 ಜಿಲ್ಲೆಗಳಲ್ಲಿ ಹತ್ತರ ಹೆಸರು ಹಳೆಯ ಕಾಗುಣಿತದಲ್ಲೇ ಕುಳಿತಿದೆ. ಕಂಪ್ಯೂಟರಿಗೆ ಮೈಸೂರ್ ಮತ್ತು ಮೈಸೂರು ಎರಡು ಬೇರೆ ಊರು. ಹಾಗೆಂದು ಹೆಸರು ತಿದ್ದಿದರೆ ಕೆಲಸ ಮುಗಿಯುವುದಿಲ್ಲ. ವಿಜಯಪುರ ಎಂದರೆ ಗೋಳಗುಮ್ಮಟದ ಊರೇ? ಬೆಂಗಳೂರಿನ ಹತ್ತಿರ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರವಿದೆ. 2021ರಲ್ಲಿ ಬಳ್ಳಾರಿಯಿಂದ ಬೇರೆಯಾಗಿ 31ನೇ ಜಿಲ್ಲೆ ಹುಟ್ಟಿತು, ಅದರ ಹೆಸರು ವಿಜಯನಗರ. ಆ ಹೆಸರಿನ ಬಡಾವಣೆಗಳು ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಇವೆ. ಈಗಿನ ಬಳ್ಳಾರಿಯ ರೋಗಿಗಳ ಸಂಖ್ಯೆಯನ್ನು 2011ರ ಬಳ್ಳಾರಿಯ ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರ ಸುಳ್ಳು, ಏಕೆಂದರೆ ಹೊಸಪೇಟೆ 2011ರ ಬಳ್ಳಾರಿಯಲ್ಲಿದೆ, ಈಗಿನದರಲ್ಲಿಲ್ಲ. 2025ರಲ್ಲಿ ರಾಮನಗರವೂ ಬೆಂಗಳೂರು ದಕ್ಷಿಣವಾಯಿತು. ಅದೇ ಹೆಸರಿನ ಲೋಕಸಭಾ ಕ್ಷೇತ್ರ ಮೊದಲಿನಿಂದಲೂ ಇದೆ.

ಹಳ್ಳಿಗಳ ಮಟ್ಟಕ್ಕೆ ಇಳಿದರೆ ಹೊಸಹಳ್ಳಿ, ರಾಮಪುರ, ಬಸಾಪುರಗಳು ಎಷ್ಟೋ. ಇದಕ್ಕೆಂದೇ ಕೇಂದ್ರ ಸರ್ಕಾರದ ಸ್ಥಳೀಯ ಆಡಳಿತ ಡೈರೆಕ್ಟರಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೆ ಒಂದು ಸಂಖ್ಯೆ ಕೊಟ್ಟಿದೆ. ಹೆಸರಿನ ಬದಲು ಆ ಸಂಖ್ಯೆ ಹಿಡಿದು ಹೊಂದಿಸಿದರೆ ಗೊಂದಲ ಬಹುಪಾಲು ತೀರುತ್ತದೆ. ಆದರೆ ಹಳೆಯ ಕೋಷ್ಟಕದ ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ಮೊದಲ ಸಲ ಕೂರಿಸಬೇಕಲ್ಲ, ಅದನ್ನು ಮನುಷ್ಯರೇ ಮಾಡಬೇಕು, ಅದೂ ಆ ಸೀಮೆ ಗೊತ್ತಿದ್ದವರು. ಹಳ್ಳಿಯ ಅಂಚೆ ಹಂಚಿದವರು, ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು, ಊರೂರು ವರ್ಗವಾಗಿ ಪಾಠ ಮಾಡಿದ ಮೇಷ್ಟರು, ಟೀಚರುಗಳು ಹತ್ತು ನಿಮಿಷದಲ್ಲಿ ಬಿಡಿಸುವ ಗಂಟನ್ನು ನಗರದ ಎಂಜಿನಿಯರ್ ಎರಡು ದಿನವಾದರೂ ಬಿಡಿಸಲಾರ.

ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟುಗಳ ಕಡತಗಳೂ ಇಂಥದ್ದೇ ಗಂಟು. ಪಿಡಿಎಫ್‌ನಲ್ಲಿ ಮುದ್ದಾದ ಕನ್ನಡ ಕಾಣುತ್ತಿರುತ್ತದೆ. ನಕಲು ಮಾಡಿ ಬೇರೆಡೆ ಅಂಟಿಸಿದರೆ ಬರೀ ಚಿತ್ರವಿಚಿತ್ರ ಗುರುತುಗಳು. ಇಂದಿನ ಯುನಿಕೋಡ್ ಸಂಕೇತ ಪದ್ಧತಿ ಕನ್ನಡದಲ್ಲಿ ರೂಢಿಗೆ ಬರುವ ಮೊದಲಿನ ಆ ವ್ಯವಸ್ಥೆಯಲ್ಲಿ ‘ಕ’ ಎಂಬುದು ಕಂಪ್ಯೂಟರಿನ ಕಣ್ಣಿಗೆ ಇಂಗ್ಲಿಷಿನ ಪಿ ಅಕ್ಷರ, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀರಿರುವ ಒಂದು ಎ. ‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಅಲ್ಲಿ ‘ನಾ’ ಮೊದಲು ಬಂದು ಅರ್ಕಾವತ್ತು ಆಮೇಲೆ ಬರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯುನಿಕೋಡ್‌ನಲ್ಲಿ ನಾವು ಉಚ್ಚರಿಸುವಂತೆ ‘ರ್’ ಮೊದಲು, ‘ನಾ’ ಆಮೇಲೆ. ಪರಿವರ್ತನೆ ಮಾಡುವ ತಂತ್ರಾಂಶ ಅರ್ಕಾವತ್ತನ್ನು ಎತ್ತಿ ಹಿಂದಿನ ಅಕ್ಷರದ ಮುಂದೆ ತಂದಿಡಬೇಕು. ಒತ್ತಕ್ಷರ, ದೀರ್ಘ ಎಲ್ಲ ಸೇರಿದ ಕಡೆ ಇದು ಇನ್ನೂ ಸಿಕ್ಕಾಗುತ್ತದೆ. ಕನ್ನಡದ ಆಸಕ್ತರು ಇದಕ್ಕೆ ಮುಕ್ತ ಪರಿವರ್ತಕಗಳನ್ನು ಬರೆದಿದ್ದಾರೆ. ಆದರೂ ಒಂದು ಲಕ್ಷ ಪದ ಪರಿವರ್ತಿಸಿದ ಮೇಲೆ ಎಲ್ಲಿ ಒತ್ತು ಜಾರಿದೆ ಎಂದು ಹಿಡಿಯಲು ಕನ್ನಡ ಓದುವ ಕಣ್ಣೇ ಬೇಕು. ಪ್ರೂಫ್ ನೋಡಿ ಪಳಗಿದವರಿಗೆ ಇದು ದಿನನಿತ್ಯದ ಕೆಲಸ.

ಬಳಗಗಳು

2011ರಲ್ಲಿ ಬೆಂಗಳೂರಿನಲ್ಲಿ ಚಿಗುರಿದ ಡೇಟಾಮೀಟ್ ಈ ದಾರಿಯಲ್ಲಿ ಹಿರಿಯ ಬಳಗ. ಜಿಲ್ಲೆ, ವಿಧಾನಸಭೆ, ಲೋಕಸಭಾ ಕ್ಷೇತ್ರಗಳ ಗಡಿರೇಖೆಯ ನಕ್ಷೆಗಳನ್ನು ಕೂಡಿ ತಯಾರಿಸಿ ಎಲ್ಲರಿಗೂ ಬಿಟ್ಟುಕೊಟ್ಟದ್ದು ಇವರ ದೊಡ್ಡ ಕೊಡುಗೆ. ಚುನಾವಣೆ ಬಂದಾಗ ಬಣ್ಣ ಬಳಿದ ಕ್ಷೇತ್ರವಾರು ನಕ್ಷೆ ನೋಡುತ್ತೀರಲ್ಲ, ಅಂಥದ್ದನ್ನು ಸಣ್ಣ ಪತ್ರಿಕೆಯೂ ಮಾಡಲು ಸಾಧ್ಯವಾಗಿರುವುದರ ಹಿಂದೆ ಇಂಥವರ ಶ್ರಮವಿದೆ. ಸರ್ಕಾರದ ಕಡೆಯಿಂದಲೂ 2012ರಲ್ಲಿ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿ ಬಂತು, 2017ರಲ್ಲಿ ಸರ್ಕಾರಿ ಮುಕ್ತ ದತ್ತಾಂಶಕ್ಕೆ ಪರವಾನಗಿ ಬಂತು. ಕಾಗದದ ಮೇಲೆ ಬಾಗಿಲು ತೆರೆದಿದೆ. ಒಳಗೆ ಹೋಗಿ ಏನಿದೆ, ಏನಿಲ್ಲ ಎಂದು ನೋಡಿ ಕೇಳುವವರು ಕಡಿಮೆ.

ಹಕ್ಕಿ ನೋಡುವವರ ಲೋಕ ಇನ್ನೂ ಸೊಗಸಾದದ್ದು. ‘ಭಾರತದ ಹಕ್ಕಿಗಳ ಸ್ಥಿತಿಗತಿ’ಯ 2023ರ ವರದಿ ನಿಂತಿರುವುದು ಸುಮಾರು 30,000 ಹಕ್ಕಿಪ್ರಿಯರು ಇ-ಬರ್ಡ್ ಎಂಬ ಜಾಲತಾಣದಲ್ಲಿ ದಾಖಲಿಸಿದ 3 ಕೋಟಿ ನೋಟಗಳ ಮೇಲೆ. 942 ಜಾತಿಗಳ ಲೆಕ್ಕ ಅದರಲ್ಲಿದೆ. ಮೈಸೂರಿನಲ್ಲಿ ಹುಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಈ ಕೆಲಸದ ಸಂಸ್ಥೆಗಳಲ್ಲೊಂದು. ಇಲ್ಲಿ ಒಂದು ನಿಯಮ ಹೇಳಿಕೊಡುತ್ತಾರೆ: ಹದಿನೈದು ನಿಮಿಷ ನಿಂತರೆ ಗುರುತಿಸಿದ ಎಲ್ಲ ಹಕ್ಕಿಯನ್ನೂ ಬರೆಯಿರಿ. ಅಪರೂಪದ್ದನ್ನಷ್ಟೇ ಬರೆದು ಕಾಗೆಯನ್ನು ಬಿಡಬೇಡಿ. ಪೂರ್ತಿ ಪಟ್ಟಿಯಿದ್ದರೆ ಮಾತ್ರ ಗುಬ್ಬಿ ಬರೆದಿಲ್ಲವೆಂದರೆ ಗುಬ್ಬಿ ಕಾಣಲಿಲ್ಲ ಎಂದು ಅರ್ಥ ಮಾಡಬಹುದು. ಇಲ್ಲ ಎಂಬುದೂ ಒಂದು ಮಾಹಿತಿ ಎಂಬ ಈ ಪಾಠ ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಹತ್ತು ಪುಟ ತೆಗೆದುಕೊಳ್ಳುತ್ತದೆ. ಕೆರೆ ಏರಿಯ ಮೇಲೆ ನಿಂತವರಿಗೆ ಒಂದು ಬೆಳಗಿನಲ್ಲಿ ತಿಳಿಯುತ್ತದೆ. ಅಲ್ಲಿ ಕಾಣಬಾರದ ಹಕ್ಕಿಯನ್ನು ಯಾರಾದರೂ ಬರೆದರೆ ಆ ಪ್ರದೇಶ ಬಲ್ಲ ಪರಿಶೀಲಕರು ಮರಳಿ ಕೇಳುತ್ತಾರೆ, ಫೋಟೊ ಇದೆಯೇ, ಕೂಗು ಕೇಳಿದಿರೇ ಎಂದು. ಬೇಸರಪಡುವ ಹಾಗಿಲ್ಲ. ಕೇಳಿಸಿಕೊಳ್ಳುವುದೇ ಈ ಕೆಲಸದ ಅರ್ಧ ಭಾಗ.

ತಪ್ಪು ಎತ್ತಿ ಹೇಳುವುದು ಇಂಥ ಬಳಗಗಳಲ್ಲಿ ಅವಮಾನವಲ್ಲ, ಸೇವೆ. ಕನ್ನಡ-ಎಂನಿಸ್ಟ್ ಮಾಡಿದ ಅದೇ ವಿನಯ್ ಪ್ರಭು ಅವರು ಸಂಶೋಧಕಿ ಅಬೇಬಾ ಬಿರ್ಹಾನೆ ಅವರೊಡನೆ ಸೇರಿ 2020ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ‘80 ಮಿಲಿಯನ್ ಟೈನಿ ಇಮೇಜಸ್’ ಎಂಬ ಹೆಸರಾಂತ ಚಿತ್ರಸಂಗ್ರಹವನ್ನು ಪರಿಶೀಲಿಸಿದರು. ಅದರಲ್ಲಿ ಮನುಷ್ಯರ ಚಿತ್ರಗಳಿಗೆ ಜನಾಂಗೀಯ ಬೈಗುಳಗಳು, ಹೆಂಗಸರನ್ನು ಹೀನಾಯಗೊಳಿಸುವ ಪದಗಳು ಹೆಸರುಪಟ್ಟಿಯಾಗಿ ಅಂಟಿದ್ದವು. ವರ್ಷಗಟ್ಟಲೆ ಯಂತ್ರಗಳು ಅದರಿಂದ ಕಲಿತಿದ್ದವು. ವಿಷಯ ಹೊರಬಂದ ಮೇಲೆ ಎಂಐಟಿ ಕ್ಷಮೆ ಕೇಳಿ ಆ ಸಂಗ್ರಹವನ್ನೇ ಹಿಂತೆಗೆದುಕೊಂಡಿತು. ತೆರೆದಿಟ್ಟಿದ್ದರಿಂದಲೇ ಅದನ್ನು ಯಾರೋ ನೋಡಲು ಸಾಧ್ಯವಾಯಿತು. ಕಂಪನಿಗಳ ಬೀಗದೊಳಗಿನ ಸಂಗ್ರಹಗಳಲ್ಲಿ ಏನಿದೆ ಎಂದು ನೋಡುವ ಅವಕಾಶ ನಮಗಿಲ್ಲ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಸ್ವಯಂಸೇವಕರು ದುಡಿಯುತ್ತಾರೆಂದು ಇಲಾಖೆಗಳು ಕೈಕಟ್ಟಿ ಕೂರುವುದು ನ್ಯಾಯವಲ್ಲ. ಸಾರ್ವಜನಿಕ ಲೆಕ್ಕವನ್ನು ಬಳಸಲು ಬರುವ ರೂಪದಲ್ಲಿ ಕೊಡುವುದು ತೆರಿಗೆಯ ಹಣದಲ್ಲಿ ನಡೆಯುವ ಕಚೇರಿಯ ಕರ್ತವ್ಯ. ಕೋವಿಡ್ ಪಟ್ಟಿ ಕಟ್ಟಿದವರು ತಮ್ಮ ಉದ್ಯೋಗ, ಓದು, ಮನೆಯ ಕಾಯಿಲೆಕಸಾಲೆಗಳ ನಡುವೆ ಆ ಕೆಲಸ ಮಾಡಿದವರು. ಅದಕ್ಕೊಂದು ಮಿತಿಯಿದೆ. ಮನೆಗೆಲಸ, ಮಕ್ಕಳ ಜವಾಬ್ದಾರಿ ಮುಗಿಸಿ ರಾತ್ರಿ ಹತ್ತಕ್ಕೆ ಬಿಡುವಾಗುವ ಹೆಂಗಸರಿಗೆ ವಾರಾಂತ್ಯದ ಸಭೆಗಳು ಎಟುಕುವುದಿಲ್ಲ ಎಂಬುದನ್ನೂ ಬಳಗಗಳು ಗಮನಿಸಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಪೈಥಾನ್‌ನಂಥ ಪ್ರೋಗ್ರಾಮಿಂಗ್ ಭಾಷೆ ಕಲಿತ ಮೇಲೆ ಸೇರುತ್ತೇನೆ ಎಂದು ಕಾಯಬೇಡಿ. ಸೇರಿದ ಮೇಲೆ ಬೇಕಾದಷ್ಟು ಕಲಿಯುತ್ತೀರಿ. ಮೊದಲು ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ವಿಷಯದ ಮುಕ್ತ ಡೇಟಾ ತೆರೆಯಿರಿ. ಅಡಿಕೆ ಬೆಳೆಗಾರರಾದರೆ ಅಡಿಕೆ ಧಾರಣೆ, ನರ್ಸ್ ಆದರೆ ಆರೋಗ್ಯ ಕೇಂದ್ರಗಳ ಪಟ್ಟಿ, ಬಸ್ಸಿನಲ್ಲಿ ಓಡಾಡುವವರಾದರೆ ನಿಲ್ದಾಣಗಳ ಪಟ್ಟಿ. ಕಣ್ಣಾಡಿಸಿ. ಒಂದು ತಪ್ಪು ಸಿಕ್ಕೇ ಸಿಗುತ್ತದೆ. ಅದನ್ನು ಬರೆದು ತಿಳಿಸಿ: ಎಲ್ಲಿದೆ, ಏನಿರಬೇಕಿತ್ತು, ನಿಮಗೆ ಹೇಗೆ ಗೊತ್ತು. ಈ ಮೂರು ಇದ್ದರೆ ನಿಮ್ಮ ಇಂಗ್ಲಿಷ್ ಹೇಗಿದ್ದರೂ ನಡೆಯುತ್ತದೆ. ಈ ಬಳಗಗಳಲ್ಲಿ ಇದಕ್ಕೆ ‘ಇಶ್ಯೂ’ ಎನ್ನುತ್ತಾರೆ. ಮುಂದೆ ನೀವೇ ತಿದ್ದಿ ಒಪ್ಪಿಸಿದರೆ ಅದು ‘ಪುಲ್ ರಿಕ್ವೆಸ್ಟ್’. ಮೊದಲ ಸಲ ಉತ್ತರ ಬರಲು ವಾರ ಹಿಡಿಯಬಹುದು, ಬಂದ ಉತ್ತರ ಚುಟುಕಾಗಿರಬಹುದು. ಎದುರಿಗಿರುವವರೂ ಬಿಡುವಿನಲ್ಲಿ ದುಡಿಯುವವರೇ.

ಅದೂ ದೂರವೆನಿಸಿದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ, ಜನರೇ ಬರೆಯುವ ಭೂಪಟ. ಅದರಲ್ಲಿ ಪ್ರತಿ ಊರಿಗೆ, ರಸ್ತೆಗೆ, ಕೆರೆಗೆ ಕನ್ನಡದ ಹೆಸರು ಬರೆಯಲು ಪ್ರತ್ಯೇಕ ಜಾಗವಿದೆ. ಅಲ್ಲಿ ಕನ್ನಡದ ಹೆಸರಿದ್ದರೆ ಮಾತ್ರ ಆ ಡೇಟಾದಿಂದ ಮಾಡಿದ ಭೂಪಟಗಳು ಅದನ್ನು ಕನ್ನಡದಲ್ಲಿ ತೋರಿಸಬಲ್ಲವು. ಇಂಗ್ಲಿಷಿನಿಂದ ಊಹಿಸಿ ಬರೆದ ಕಡೆ ಹಳ್ಳಿ ಹಲ್ಲಿಯಾಗುವ ಸಂಭವವಿದೆ. ಖಾತೆ ತೆರೆಯಲು ದುಡ್ಡು ಬೇಡ, ಮೊಬೈಲಿನಲ್ಲೂ ಮಾಡಬಹುದು.

ಈ ಭಾನುವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅದರಲ್ಲಿ ನಿಮ್ಮ ಊರನ್ನು ಹುಡುಕಿ. ಊರ ಕೆರೆಯ ಹೆಸರು ಕನ್ನಡದಲ್ಲಿ ಇದೆಯೇ ನೋಡಿ. ಇಲ್ಲದಿದ್ದರೆ, ಮನೆಯ ಹಿರಿಯರನ್ನು ಒಂದು ಮಾತು ಕೇಳಿ, ಬರೆಯಿರಿ.